ನೆಲದ ಮೇಲೆ ನಿಂತವರು

ಮೂವತ್ತೈದು ವರ್ಷಗಳ ಕಾಲ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ವಿಶ್ರಾಂತನಾದ ಉಪಾಧ್ಯಾಯನಿಗೆ ಒಂದು ದೋಷವು ಅಂಟಿಕೊಂಡೇ ಇರುವುದು. ಯಾರು ಏನನ್ನು ನುಡಿದರೂ ಅವನ ಕಿವಿಯು ಮೊದಲು ತಪ್ಪನ್ನು ಹುಡುಕುವುದು. ಅರ್ಥವನ್ನು ಹುಡುಕುವುದು ಆಮೇಲೆ. ಪರೀಕ್ಷೆಯ ಉತ್ತರಪತ್ರಿಕೆಗಳ ಮೇಲೆ ಈ ಗುಣವು ಶೋಭಿಸೀತು. ಮನೆಯ ಜಗಲಿಯ ಮೇಲೆ ಶೋಭಿಸದು. ಇದರಿಂದ ನಾನು ನನ್ನ ಸೋದರಮಾವನವರ ಮನಸ್ಸನ್ನು ಒಮ್ಮೆ ನೋಯಿಸಿದ್ದೆನು. ಅವರು ಕಾಲವಾಗಿ ಇಪ್ಪತ್ತು ವರ್ಷಗಳಾದ ಬಳಿಕ ಆ ನೋವಿನ ಪ್ರಮಾಣವನ್ನು ನನಗೆ ತಿಳಿಯಪಡಿಸಿದವರು ನಮ್ಮ ನೆರೆಯಲ್ಲಿರುವ ವಾಯುಸೇನೆಯ ನಿವೃತ್ತರು. ಆ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾನು ನೆಲಸಿರುವುದು ಬೆಂಗಳೂರಿನ ಉತ್ತರದಿಕ್ಕಿನಲ್ಲಿ, ಜಾಲಹಳ್ಳಿಗೆ ಸಮೀಪವಾದ ಒಂದು ಬಡಾವಣೆಯಲ್ಲಿ. ಬೆಂಗಳೂರಿಗೂ ವಿಮಾನಗಳಿಗೂ ಇರುವ ನಂಟು ಹಳೆಯದು. 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಇಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದರು. 1949ರಲ್ಲಿ ಜಾಲಹಳ್ಳಿಯಲ್ಲಿ ವಾಯುಸೇನೆಯ ತಾಂತ್ರಿಕ ವಿದ್ಯಾಲಯವು ಆರಂಭವಾಯಿತು. ಯೌವನದಲ್ಲಿ ಇಲ್ಲಿಗೆ ತರಬೇತಿಗಾಗಿ ಬಂದ ಮಲೆಯಾಳಿ, ತಮಿಳ, ತೆಲುಗ, ವಂಗ ಮತ್ತು ಪಂಜಾಬಿ ತರುಣರಲ್ಲಿ ಎಷ್ಟೋ ಮಂದಿ ಇಲ್ಲಿಯ ತಂಪು ಗಾಳಿಯನ್ನು ಮರೆಯಲಾರದೆ, ಸೇವೆ ಮುಗಿದ ಮೇಲೆ ಇಲ್ಲಿಯೇ ನಿವೇಶನ ಕೊಂಡು ಮನೆಗಳನ್ನು ಕಟ್ಟಿಕೊಂಡರು. ನಮ್ಮ ಬೀದಿಯ ಎಂಟು ಮನೆಗಳಲ್ಲಿ ಮೂರು ಮನೆಗಳು ಇಂಥವರವೇ.

ನನ್ನ ಎಡಮಗ್ಗುಲಿನ ಮನೆಯವರು ವಾರಂಟ್ ಆಫೀಸರಾಗಿ ನಿವೃತ್ತರಾದವರು; ವಿಮಾನದ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸುವುದು ಅವರ ಕೆಲಸವಾಗಿದ್ದಿತು. ವಯಸ್ಸು ಎಪ್ಪತ್ತಾರು ದಾಟಿದೆ. ಬೆಳಗಿನ ಐದು ಗಂಟೆಗೆ ಎದ್ದು, ಗೇಟಿನ ಮುಂದಣ ರಸ್ತೆಯನ್ನು ತಾವೇ ಗುಡಿಸುವರು. ಆಕಾಶದಲ್ಲಿ ವಿಮಾನದ ಶಬ್ದವಾದರೆ ಪೊರಕೆಯನ್ನು ಹಿಡಿದುಕೊಂಡೇ ತಲೆಯೆತ್ತಿ, ಅದು ಮರೆಯಾಗುವವರೆಗೂ ನೋಡುತ್ತ ನಿಲ್ಲುವರು. 2024ರ ಸೆಪ್ಟೆಂಬರಿನಲ್ಲಿ ಒಂದು ಸಂಜೆ ಅವರು ನಮ್ಮ ಮನೆಗೆ ಬಂದು, “ಮೇಷ್ಟ್ರೇ, ಅಕ್ಟೋಬರ್ 8 ವಾಯುಸೇನಾ ದಿನ. ನಮ್ಮ ಸಂಘದಲ್ಲಿ ಪ್ರತಿವರ್ಷವೂ ಯಾರಾದರೂ ಭಾಷಣ ಮಾಡುತ್ತಾರೆ. ನಮಗೆ ಗೊತ್ತಿರುವುದನ್ನೇ ನಮಗೆ ಹೇಳುತ್ತಾರೆ. ಈ ಸಲ ತಾವು ಬನ್ನಿ. ನಮ್ಮ ಲಾಂಛನದ ಮೇಲಿರುವ ಸಂಸ್ಕೃತದ ಮಾತಿಗೆ ಸರಿಯಾದ ಅರ್ಥವನ್ನು ಹೇಳಿಕೊಡಿ. ನಲವತ್ತು ವರ್ಷ ಅದನ್ನು ಎದೆಯ ಮೇಲೆ ಹೊತ್ತವರು ನಾವು, ಅರ್ಥ ಮಾತ್ರ ಅಷ್ಟಕ್ಕಷ್ಟೆ” ಎಂದು ನಕ್ಕರು.

ಆ ಮಾತು ಯಾವುದೆಂದು ಕೇಳುವ ಅವಶ್ಯಕತೆ ನನಗಿರಲಿಲ್ಲ. ‘ನಭಃಸ್ಪೃಶಂ ದೀಪ್ತಂ’ ಎಂಬ ಆ ಧ್ಯೇಯವಾಕ್ಯವು ಭಗವದ್ಗೀತೆಯ ಹನ್ನೊಂದನೆಯ ಅಧ್ಯಾಯದಿಂದ ಬಂದುದು. ಅದನ್ನು ಕೇಳಿದೊಡನೆಯೇ ನನ್ನ ಮುಖವು ಸಪ್ಪಗಾಯಿತೆಂದು ತೋರುತ್ತದೆ. ಕಾರಣವನ್ನು ಹೇಳುವೆನು.

ನನ್ನ ತಾಯಿಯ ತಮ್ಮಂದಿರಲ್ಲಿ ಹಿರಿಯರು 1961ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಹಾಸನದ ಕಡೆಯ ಒಂದು ಅಗ್ರಹಾರದಿಂದ ಹೊರಟು ವಾಯುಸೇನೆಯನ್ನು ಸೇರಿದರು. ವೈದಿಕರ ಮನೆತನದಲ್ಲಿ ಅದು ಸಂತೋಷದ ಸುದ್ದಿಯಾಗಿರಲಿಲ್ಲ. ಇಪ್ಪತ್ತು ವರ್ಷ ಸೇವೆ ಮಾಡಿ 1981ರಲ್ಲಿ ಒಂದು ಕಪ್ಪು ತಗಡಿನ ಪೆಟ್ಟಿಗೆಯೊಡನೆ ಊರಿಗೆ ಮರಳಿದರು. ಊರಿಗೆ ಅವರು ಒಂದು ವಿನೋದದ ವಸ್ತುವಾದರು. ಗಡಿಯಾರ ನೋಡಿ ಊಟಕ್ಕೆ ಕೂಡುವರು. ಎಲ್ಲಕ್ಕಿಂತ ಹೆಚ್ಚಾಗಿ, ಬಟ್ಟೆಗಳನ್ನು ಮಡಿಸುವ ವಿಷಯದಲ್ಲಿ ಅವರದು ಒಂದು ಹುಚ್ಚೇ ಎಂದು ಮನೆಯವರೆಲ್ಲರ ಅಭಿಪ್ರಾಯ. ಒಗೆದು ಒಣಗಿದ ಪಂಚೆಯನ್ನು ನಡುಮನೆಯಲ್ಲಿ ಉದ್ದಕ್ಕೆ ಹಾಸಿ, ಅಂಗೈಯಿಂದ ಸವರಿ, ಅಂಚಿಗೆ ಅಂಚನ್ನು ಕೂಡಿಸಿ, ಒಂದು ಎಳೆ ಆಚೀಚೆಯಾದರೂ ಪೂರ್ತಿ ಬಿಚ್ಚಿ ಮತ್ತೆ ಮೊದಲಿನಿಂದ ಮಡಿಸುವರು. “ಇವನಿಗೆ ಸರ್ಕಾರ ಸಂಬಳ ಕೊಟ್ಟಿದ್ದು ಪಂಚೆ ಮಡಿಸುವುದಕ್ಕೇ ಇರಬೇಕು” ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ನಾವು ಹುಡುಗರು ನಗುತ್ತಿದ್ದೆವು. ಮಾವನವರೂ ನಗುತ್ತಿದ್ದರು.

1987ರ ಬೇಸಿಗೆಯಲ್ಲಿ ನಾನು ಮೈಸೂರಿನಲ್ಲಿ ಸಂಸ್ಕೃತ ವ್ಯಾಸಂಗವನ್ನು ಮುಗಿಸಿ, ಹೊಸದಾಗಿ ವಿದ್ವಾಂಸನೆಂಬ ಹೆಸರನ್ನು ಹೊತ್ತು ಆ ಊರಿಗೆ ಹೋದೆನು. ಮಾವನವರು ಬಹಳ ಹಿಗ್ಗಿ, ಆ ರಾತ್ರಿ ಜಗಲಿಯ ಮೇಲೆ ನನ್ನನ್ನು ಕೂಡಿಸಿಕೊಂಡು, “ನಮ್ಮ ಪಡೆಗೂ ಒಂದು ಸಂಸ್ಕೃತದ ಮಾತಿದೆ ಕಣೋ” ಎಂದು, ತಮ್ಮ ಉಚ್ಚಾರಣೆಯಲ್ಲಿ ‘ನಭಸ್ಪರ್ಶ ದೀಪ್ತ’ ಎಂದರು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆನು. “ಮಾವ, ಹಾಗಲ್ಲ. ಸ್ಪರ್ಶವಲ್ಲ, ಸ್ಪೃಶಂ. ನಡುವೆ ವಿಸರ್ಗವಿದೆ. ದ್ವಿತೀಯಾ ವಿಭಕ್ತಿ. ಇಪ್ಪತ್ತು ವರ್ಷ ತಪ್ಪಾಗಿಯೇ ಹೇಳಿದಿರಾ?” ಎಂದೆನು. ಜಗಲಿಯಲ್ಲಿದ್ದ ನಾಲ್ಕಾರು ಮಂದಿಯೂ ನಕ್ಕರು. ಮಾವನವರು, “ಹೌದೇನಪ್ಪಾ, ನಮಗೇನು ಗೊತ್ತು” ಎಂದು ಹೇಳಿ, ಹಾಸಿಗೆಯ ಮೇಲಿನ ಜಮಖಾನೆಯನ್ನು ಮಡಿಸತೊಡಗಿದರು. ಅದಾದ ಮೇಲೆ ಅವರು ಬದುಕಿದ್ದುದು ಹದಿನೇಳು ವರ್ಷ. ತಮ್ಮ ಸೇವೆಯ ವಿಷಯವಾಗಿ ಒಂದು ಮಾತನ್ನಾದರೂ ನನ್ನೊಡನೆ ಆಡಲಿಲ್ಲ, ನಾನೂ ಕೇಳಲಿಲ್ಲ. 2004ರಲ್ಲಿ ಅವರು ತೀರಿಕೊಂಡರು.

ಇಷ್ಟನ್ನೂ ನೆರೆಯವರಿಗೆ ಹೇಳಲು ನಾಚಿಕೆಯಾಯಿತು. ಭಾಷಣಕ್ಕೆ ಒಪ್ಪಿಕೊಂಡು, ಸಂಘದ ರೀತಿಯನ್ನು ತಿಳಿಯುವುದಕ್ಕಾಗಿ ಆ ತಿಂಗಳ ಎರಡನೆಯ ಭಾನುವಾರದ ಕೂಟಕ್ಕೆ ಅವರೊಡನೆ ಹೋದೆನು.

ಮಂಗಳೂರು ಹೆಂಚಿನ ಒಂದೇ ಕೊಠಡಿ. ಹೊರಗೆ ಒಂದು ಬೇವಿನ ಮರ. ಗೋಡೆಯ ಮೇಲೆ ವಿಮಾನಗಳ ಚಿತ್ರಗಳು. ಹತ್ತು ಗಂಟೆಗೆ ಎಂದರೆ ಹತ್ತೇ ಗಂಟೆಗೆ ಕೂಟವು ಆರಂಭವಾಯಿತು. ನಮ್ಮ ಸಾಹಿತ್ಯಸಭೆಗಳನ್ನು ಕಂಡ ನನಗೆ ಇದೊಂದು ಆಶ್ಚರ್ಯ. ವಿಂಗ್ ಕಮಾಂಡರಾಗಿದ್ದ ಒಬ್ಬ ಪೈಲಟರು ತಾವೇ ಚಹಾದ ಕೆಟಲನ್ನು ಹಿಡಿದು, ಕಾರ್ಪೊರಲ್ ಆಗಿದ್ದವರ ಲೋಟಕ್ಕೆ ಬಗ್ಗಿಸುತ್ತಿದ್ದರು. ಮಾತು ಕನ್ನಡ, ಮಲೆಯಾಳ, ಇಂಗ್ಲಿಷ್ ಮತ್ತು ಯಾವ ವ್ಯಾಕರಣಕ್ಕೂ ಅಧೀನವಲ್ಲದ ಬ್ಯಾರಕ್ಕಿನ ಹಿಂದಿ, ಎಲ್ಲವೂ ಬೆರೆತದ್ದು. ಅಂದು ನನ್ನ ಕಿವಿಯು ತಪ್ಪುಗಳನ್ನು ಎಣಿಸುವ ಕೆಲಸದಿಂದ ತಾನಾಗಿಯೇ ರಾಜೀನಾಮೆ ಕೊಟ್ಟಿತು.

ಇವರ ಕೂಟವು ಬರಿಯ ಹಳೆಯ ನೆನಪುಗಳ ಹರಟೆಯೆಂದು ನಾನು ಭಾವಿಸಿದ್ದೆನು. ಅದು ನಿಜವಲ್ಲ. ಮೊದಲಿನ ಅರ್ಧಗಂಟೆಯು ಕಾಗದಪತ್ರಗಳದು. ಯಾರ ಪಿಂಚಣಿ ಯಾವ ಕಾರಣದಿಂದ ನಿಂತಿದೆ, ಯಾವ ವಿಧವೆಯ ಹೆಸರು ಸೇವೆಯ ದಾಖಲೆಯಲ್ಲಿ ಒಂದು ಬಗೆಯಾಗಿಯೂ ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ಬಗೆಯಾಗಿಯೂ ಇದೆ, ಯಾರನ್ನು ಚಿಕಿತ್ಸಾಲಯಕ್ಕೆ ಕರೆದೊಯ್ಯಬೇಕು, ಇವೇ ವಿಚಾರಗಳು. ನವೆಂಬರ್ ತಿಂಗಳಲ್ಲಿ ನಿವೃತ್ತರೆಲ್ಲರೂ ತಾವು ಜೀವಂತವಾಗಿರುವೆವೆಂದು ಸರ್ಕಾರಕ್ಕೆ ಪ್ರಮಾಣ ಕೊಡಬೇಕಷ್ಟೆ. ಅದಕ್ಕೆ ಬೆರಳಿನ ಗುರುತನ್ನು ಯಂತ್ರದ ಮೇಲೆ ಒತ್ತುವುದು ಒಂದು ಮಾರ್ಗ. ಜೀವಮಾನವೆಲ್ಲ ಸ್ಪ್ಯಾನರು ಹಿಡಿದವರ ಬೆರಳುಗಳ ರೇಖೆಗಳು ಸವೆದುಹೋಗಿ ಯಂತ್ರವು ಅವರನ್ನು ಒಪ್ಪುವುದಿಲ್ಲ. “ಯಂತ್ರದ ಪ್ರಕಾರ ನಾನು ಸತ್ತು ಮೂರು ವರ್ಷವಾಯಿತು” ಎಂದು ಒಬ್ಬರು ಹೇಳಲು ಎಲ್ಲರೂ ನಕ್ಕರು. ಆದರೆ ಹಾಸಿಗೆ ಹಿಡಿದವರ ಮನೆಗೆ ಯಾರು ಯಂತ್ರವನ್ನು ಒಯ್ಯಬೇಕೆಂಬುದನ್ನು ಆಗಲೇ ಗೊತ್ತುಮಾಡಿ ಬರೆದುಕೊಂಡರು.

ಕೊನೆಗೆ ಸ್ಮರಣೆ. ಒಂದು ದಪ್ಪ ಪುಸ್ತಕವಿದೆ. ಆ ತಿಂಗಳಲ್ಲಿ ಹಿಂದೆ ಎಂದಾದರೂ ಗತಿಸಿದ ಸದಸ್ಯರ ಹೆಸರು, ಸೇವಾಸಂಖ್ಯೆ, ಕೆಲಸದ ವರ್ಗ, ಇವನ್ನು ಒಬ್ಬರು ಎದ್ದು ನಿಂತು ಓದುವರು. ಹೆಸರಿಗೊಂದು ಸಲ ಗಂಟೆ ಬಾರಿಸುವರು. ಆಮೇಲೆ ಎರಡು ನಿಮಿಷ ಮೌನ. ಇಷ್ಟೇ ವಿಧಿ. ಭಾಷಣವಿಲ್ಲ, ಹೊಗಳಿಕೆಯಿಲ್ಲ.

ಹೊರಗೆ ಬರುವಾಗ ನಾನು ನೆರೆಯವರನ್ನು, “ಸದಸ್ಯರಲ್ಲದವರ ಹೆಸರನ್ನೂ ಸೇರಿಸುವಿರಾ? ನಮ್ಮ ಸೋದರಮಾವನವರು ವಾಯುಸೇನೆಯಲ್ಲಿದ್ದರು” ಎಂದು ಕೇಳಿದೆನು. ಅವರು ಅಲ್ಲಿಯೇ ನಿಂತರು. “ಇಷ್ಟು ದಿನ ಏಕೆ ಹೇಳಲಿಲ್ಲ? ಅಗತ್ಯವಾಗಿ ಸೇರಿಸೋಣ. ಅವರ ಸಂಖ್ಯೆ?” ಎಂದರು. ನನಗೆ ತಿಳಿಯದು. “ಕೆಲಸ? ಎಂಜಿನ್ನೋ, ರೇಡಿಯೋನೋ, ಶಸ್ತ್ರವೋ?” ತಿಳಿಯದು. “ಎಲ್ಲೆಲ್ಲಿ ಇದ್ದರು?” ಅದೂ ತಿಳಿಯದು. ನೆರೆಯವರು ನನ್ನನ್ನು ನಿಂದಿಸಲಿಲ್ಲ, “ಹೋಗಲಿ, ಅವರ ಮನೆಯವರು ಇದ್ದಾರೆಯೇ? ಕುಟುಂಬದ ಪಿಂಚಣಿ ಬರುತ್ತಿದೆಯೇ? ಚಿಕಿತ್ಸೆಯ ಕಾರ್ಡು ಇದೆಯೇ?” ಎಂದು ಕೇಳಿದರು. ಇಪ್ಪತ್ತು ವರ್ಷಗಳಲ್ಲಿ ನಾನು ಅತ್ತೆಯವರನ್ನು ಕೇಳದೆ ಇದ್ದ ಪ್ರಶ್ನೆಗಳನ್ನು ಈ ಅಪರಿಚಿತರು ಎರಡು ನಿಮಿಷಗಳಲ್ಲಿ ಕೇಳಿಬಿಟ್ಟರು.

ಪ್ರತಿವರ್ಷವೂ ಮಹಾಲಯದಲ್ಲಿ ತರ್ಪಣ ಕೊಡುವಾಗ ಮಾತುಲನೆಂಬ ಸ್ಥಾನದಲ್ಲಿ ನಾನು ಮಾವನವರ ನಾಮಗೋತ್ರಗಳನ್ನು ಉಚ್ಚರಿಸುತ್ತಿದ್ದೆನು. ಸ್ವರದಲ್ಲಿಯೂ ವಿಭಕ್ತಿಯಲ್ಲಿಯೂ ಲೋಪವಿಲ್ಲದೆ ಉಚ್ಚರಿಸುತ್ತಿದ್ದೆನು. ಅವರು ಇಪ್ಪತ್ತು ವರ್ಷ ಯಾವ ಹೆಸರಿನಿಂದ, ಯಾವ ಗೋತ್ರದಲ್ಲಿ ಬಾಳಿದರೆಂಬುದನ್ನು ಅರಿಯದವನು ಕೊಟ್ಟ ಆ ಎಳ್ಳುನೀರು ಯಾರನ್ನು ಸೇರಿತೋ ಎಂಬ ಯೋಚನೆಯಿಂದ ಆ ರಾತ್ರಿ ನಿದ್ರೆ ಬರಲಿಲ್ಲ.

ಪಿತೃಪಕ್ಷದಲ್ಲಿಯೇ ಹೊರಟು ಊರಿಗೆ ಹೋದೆನು. ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಮೊಣಕಾಲು ನೋವಿನಿಂದ ಗೋಡೆ ಹಿಡಿದು ನಡೆಯುವರು. “ಮಾವನ ಪೆಟ್ಟಿಗೆ ಇದೆಯೇ ಅತ್ತೆ?” ಎಂದೆನು. “ಇಲ್ಲದೆ ಏನಪ್ಪಾ, ಅಟ್ಟದ ಮೇಲಿದೆ. ಹಪ್ಪಳ ಸಂಡಿಗೆ ತುಂಬಿಟ್ಟಿದ್ದೇನೆ. ಇರುವೆ ಹೋಗದ ಪೆಟ್ಟಿಗೆ ಈ ಮನೆಯಲ್ಲಿ ಅದೊಂದೇ” ಎಂದರು. ನಾನೂ ಮಾವನ ತಮ್ಮನ ಮಗನೂ ಕೂಡಿ ಅದನ್ನು ಇಳಿಸಿ, ಒದ್ದೆ ಬಟ್ಟೆಯಿಂದ ಒರೆಸಿದೆವು. ಮುಚ್ಚಳದ ಮೇಲೆ ಬಿಳಿಯ ಬಣ್ಣದಲ್ಲಿ ಆರು ಅಂಕಿಗಳೂ ಮಾವನವರ ಹೆಸರೂ ಕಂಡವು. ತಳದಲ್ಲಿ, ಹಳೆಯ ವೃತ್ತಪತ್ರಿಕೆಯ ಕೆಳಗೆ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಬಿಡುಗಡೆಯ ಪುಸ್ತಕವಿದ್ದಿತು. ಅದನ್ನು ಮುಟ್ಟಿದೊಡನೆಯೇ ಅದು ಯಾರ ಕೈ ಸುತ್ತಿದ್ದೆಂದು ಹೇಳಬಹುದಾಗಿದ್ದಿತು. ನಾಲ್ಕು ಮೂಲೆಗಳೂ ಒಂದಕ್ಕೊಂದು ಕೂಡಿದ್ದವು. ಕೆಲಸದ ವರ್ಗವೆಂಬಲ್ಲಿ ‘ಸುರಕ್ಷಾ ಸಾಧನ’ ಎಂಬರ್ಥದ ಇಂಗ್ಲಿಷ್ ಮಾತು ಬರೆದಿದ್ದಿತು. ನನಗೆ ಅದರಿಂದ ಏನೂ ತಿಳಿಯಲಿಲ್ಲ.

ಬೆಂಗಳೂರಿಗೆ ಮರಳಿ ಅದನ್ನು ನೆರೆಯವರಿಗೆ ತೋರಿಸಿದೆನು. ಅವರು ಕನ್ನಡಕವನ್ನು ಏರಿಸಿ ನೋಡಿ, ಪುಸ್ತಕವನ್ನು ಮೆಲ್ಲನೆ ಮುಚ್ಚಿ, “ಮೇಷ್ಟ್ರೇ, ನಿಮ್ಮ ಮಾವನವರು ಪ್ಯಾರಾಶೂಟು ಮಡಿಸುವವರು” ಎಂದರು.

ಆ ಕೆಲಸವೆಂಥದೆಂಬುದನ್ನು ಅವರು ವಿವರಿಸಿದರು. ಉದ್ದನೆಯ ನುಣುಪಾದ ಮೇಜು. ತೇವವಿಲ್ಲದ ಕೊಠಡಿ. ಪ್ಯಾರಾಶೂಟನ್ನು ನಿಯತಕಾಲಕ್ಕೊಮ್ಮೆ ಬಿಚ್ಚಿ, ಗಾಳಿಗೆ ಇಳಿಬಿಟ್ಟು, ಬಟ್ಟೆಯ ಒಂದೊಂದು ಪಟ್ಟಿಯನ್ನೂ ಹೊಲಿಗೆಯನ್ನೂ ಪರೀಕ್ಷಿಸಿ, ಹಗ್ಗಗಳನ್ನು ಒಂದಕ್ಕೊಂದು ತೊಡಕದಂತೆ ಎಣಿಸಿ ಜೋಡಿಸಿ, ಮತ್ತೆ ಮಡಿಸಬೇಕು. ಮಡಿಸಿದವನು ದಾಖಲೆಯಲ್ಲಿ ತನ್ನ ಸಹಿಯನ್ನು ಹಾಕಬೇಕು. ಒಂದು ಮಡಿಕೆ ತಪ್ಪಿದರೆ, ಆಕಾಶದಲ್ಲಿ ಅದನ್ನು ತಿದ್ದುವವರಿಲ್ಲ. “ನಾವು ಮಾಡಿದ ಎಂಜಿನ್ನಿನ ತಪ್ಪು ನೆಲದ ಮೇಲೆಯೇ ಶಬ್ದ ಮಾಡಿ ಹೇಳೀತು. ಅವರ ತಪ್ಪು ಹೇಳುವುದು ಒಂದೇ ಸಲ, ಕೊನೆಯಲ್ಲಿ” ಎಂದರು. ನಾನು ನಮ್ಮ ನಡುಮನೆಯನ್ನೂ, ಅಲ್ಲಿ ಹಾಸಿದ್ದ ಪಂಚೆಯನ್ನೂ, ನಮ್ಮ ನಗೆಯನ್ನೂ ನೆನೆದುಕೊಂಡೆನು. ವಾಚಕರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಅದೇ ದಿನಗಳಲ್ಲಿ, ಪಿತೃಪಕ್ಷವು ಮುಗಿಯುವ ಹೊತ್ತಿಗೆ, ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂದಿತು. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹಕ್ಕೆ ಹೊರಟ ವಾಯುಸೇನೆಯ ಒಂದು ದೊಡ್ಡ ವಿಮಾನವು 102 ಮಂದಿಯೊಡನೆ ರೋಹತಾಂಗದ ಹಿಮಪರ್ವತಗಳಲ್ಲಿ ಕಾಣದಂತಾಗಿದ್ದಿತು. 2003ರಲ್ಲಿ ಪರ್ವತಾರೋಹಿಗಳಿಗೆ ಅದರ ಅವಶೇಷಗಳು ದೊರೆತವು. ಈಗ ಇನ್ನೂ ನಾಲ್ವರ ದೇಹಗಳು, ಐವತ್ತಾರು ವರ್ಷಗಳ ಮೇಲೆ, ಹಿಮದೊಳಗಿನಿಂದ ಹೊರಬಂದವು. ಅಷ್ಟು ಕಾಲ ಕಾದಿದ್ದ ಮನೆಗಳಲ್ಲಿ ಕಾಯುತ್ತಿದ್ದವರೇ ಬಹುಮಟ್ಟಿಗೆ ಉಳಿದಿರಲಾರರು. ನೆರೆಯವರು ಆ ಪತ್ರಿಕೆಯನ್ನು ಕತ್ತರಿಸಿ ಸಂಘದ ಪುಸ್ತಕದಲ್ಲಿ ಅಂಟಿಸಿದರು. ಹಿಮವು ಮರೆಯದೆ ಇಟ್ಟುಕೊಂಡಿದ್ದನ್ನು ಮನುಷ್ಯರು ಅಟ್ಟದ ಮೇಲೆ ಮರೆತು ಇಡುವರಲ್ಲಾ ಎಂದು ನನಗೆನಿಸಿತು.

ಅಕ್ಟೋಬರ್ 8 ಬಂದಿತು. ಭಾರತದ ವಾಯುಸೇನೆಯು 1932ರಲ್ಲಿ ಅದೇ ದಿನ ಸ್ಥಾಪಿತವಾದುದು. ಮರುವರ್ಷ ಏಪ್ರಿಲ್ 1ರಂದು ಕರಾಚಿಯಲ್ಲಿ ನಾಲ್ಕು ವಾಪಿಟಿ ವಿಮಾನಗಳೊಡನೆ ಅದರ ಮೊದಲ ಪಡೆಯು ರೂಪುಗೊಂಡಿತು. ಅಂದು ಪೈಲಟರ ಜೊತೆಗೆ ನೆಲದ ಕೆಲಸಕ್ಕೆಂದು ಸೇರಿದ ಭಾರತೀಯರಿಗೆ ‘ಹವಾಯಿ ಸಿಪಾಯಿ’ಗಳೆಂದು ಹೆಸರಾಗಿದ್ದಿತು. ಪೈಲಟರ ಹೆಸರುಗಳನ್ನು ಚರಿತ್ರೆಯ ಪುಸ್ತಕಗಳು ಹೇಳುವವು; ಆ ಸಿಪಾಯಿಗಳ ಹೆಸರುಗಳನ್ನು ಹೇಳುವವರು ವಿರಳ.

ನಾನು ಮಾತನಾಡಲು ನಿಂತು, ಮೊದಲು ಜಗಲಿಯ ಮೇಲಿನ ನನ್ನ ನಗೆಯ ಕಥೆಯನ್ನೇ ಹೇಳಿಬಿಟ್ಟೆನು. ಆಮೇಲೆ ಅರ್ಥಕ್ಕೆ ಬಂದೆನು. ‘ನಭಃಸ್ಪೃಶಂ’ ಎಂದರೆ ಆಕಾಶವನ್ನು ಮುಟ್ಟಿದವನನ್ನು. ‘ದೀಪ್ತಂ’ ಎಂದರೆ ಉಜ್ಜ್ವಲನಾದವನನ್ನು. ಎರಡೂ ದ್ವಿತೀಯಾ ವಿಭಕ್ತಿಯಲ್ಲಿವೆ. ನನ್ನ ಮಾವನವರಿಗೆ ವಿಭಕ್ತಿಯ ಹೆಸರನ್ನು ಹೇಳಿ ಹೆಮ್ಮೆಪಟ್ಟುಕೊಂಡ ನಾನು, ಅದು ಏಕೆ ದ್ವಿತೀಯೆ ಎಂಬುದನ್ನು ಅಂದು ಯೋಚಿಸಲಿಲ್ಲ. ದ್ವಿತೀಯೆಯೆಂದರೆ ಕರ್ಮ, ನೋಡಲ್ಪಡುವ ವಸ್ತು. ಹಾಗಾದರೆ ನೋಡುವವನು ಯಾರು? ಅರ್ಜುನ. ಅವನು ನಿಂತಿರುವುದು ನೆಲದ ಮೇಲೆ. ಆಕಾಶವನ್ನು ಮುಟ್ಟಿದ ಆ ರೂಪವನ್ನು ಕಂಡು, ತನ್ನ ಅಂತರಾತ್ಮವು ನಡುಗುತ್ತಿದೆ, ಧೈರ್ಯವೂ ಶಾಂತಿಯೂ ತನಗೆ ದೊರೆಯದಿವೆ ಎಂದು ಅವನು ಅದೇ ಶ್ಲೋಕದ ಉತ್ತರಾರ್ಧದಲ್ಲಿ ಹೇಳುವನು. ಧ್ಯೇಯವಾಕ್ಯದಲ್ಲಿ ನಾವು ಪೂರ್ವಾರ್ಧದ ಕಾಂತಿಯನ್ನು ತೆಗೆದುಕೊಂಡೆವು; ಉತ್ತರಾರ್ಧದ ಭಯವು ಹೊರಗುಳಿಯಿತು. ಆದರೂ ವ್ಯಾಕರಣವು ಸುಳ್ಳಾಡದು. ಈ ಮಾತು ಹಾರಿದವನ ಬಾಯಿಯಿಂದ ಬಂದುದಲ್ಲ; ನೆಲದ ಮೇಲೆ ನಿಂತು, ತಲೆಯೆತ್ತಿ ನೋಡಿ, ನಡುಗಿದವನ ಬಾಯಿಯಿಂದ ಬಂದುದು. ಇಷ್ಟು ಹೇಳಿ ಮುಗಿಸಿದೆನು.

ಸ್ವಲ್ಪ ಹೊತ್ತು ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ನೆರೆಯವರು ಎದ್ದು, “ಉತ್ತರಾರ್ಧ ನಮಗೆ ಗೊತ್ತಿತ್ತು ಮೇಷ್ಟ್ರೇ, ಅದು ಶ್ಲೋಕದಲ್ಲಿದೆಯೆಂದು ಮಾತ್ರ ಗೊತ್ತಿರಲಿಲ್ಲ. 1971ರಲ್ಲಿ ಹೋಗುವಾಗ ಎಷ್ಟು ಹೋದವೆಂದು ಎಣಿಸುತ್ತಿದ್ದೆವು. ಬರುವಾಗ ಮತ್ತೆ ಎಣಿಸುತ್ತಿದ್ದೆವು” ಎಂದರು.

ಕೊಡಗಿನಿಂದ ಬಂದ ಹಿರಿಯರೊಬ್ಬರು ತಮ್ಮ ನಾಡಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರನ್ನು ನೆನೆದರು. ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಸರಗೋಧದ ಮೇಲಣ ದಾಳಿಯಲ್ಲಿ ಮಿಸ್ಟೇರ್ ವಿಮಾನದೊಡನೆ ಹಿಂತಿರುಗದೆ ಹೋದರು. ತಮ್ಮದಕ್ಕಿಂತ ವೇಗವಾದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿ ಮಡಿದರೆಂಬ ಸಂಗತಿಯು ಇಲ್ಲಿ ಯಾರಿಗೂ ತಿಳಿಯಲಿಲ್ಲ. 1979ರಲ್ಲಿ ಆಂಗ್ಲ ಲೇಖಕರೊಬ್ಬರ ಪುಸ್ತಕದಿಂದ ಅದು ಬೆಳಕಿಗೆ ಬಂದು, 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ಕೊಡಲಾಯಿತು. ಇನ್ನೊಬ್ಬರು ಸುರಂಜನ ದಾಸರ ಮಾತೆತ್ತಿದರು. ಬೆಂಗಳೂರಿನಲ್ಲಿ ತಯಾರಾದ ಮಾರುತ ವಿಮಾನವನ್ನು 1961ರಲ್ಲಿ ಮೊದಲು ಹಾರಿಸಿದವರು ಅವರು. 1970ರ ಜನವರಿ 10ರಂದು ಇಲ್ಲಿಯೇ ಅದೇ ಜಾತಿಯ ವಿಮಾನದ ಅಪಘಾತದಲ್ಲಿ ಮಡಿದರು. ಅವರ ಹೆಸರಿನ ರಸ್ತೆಯಲ್ಲಿ ನಾನು ಎಷ್ಟೋ ಸಲ ಬಸ್ಸಿನಲ್ಲಿ ಹೋಗಿರುವೆನು. ಆ ಹೆಸರು ಯಾರದೆಂದು ಒಮ್ಮೆಯೂ ವಿಚಾರಿಸಿರಲಿಲ್ಲ.

ಬಳಿಕ ಪುಸ್ತಕವನ್ನು ತೆರೆದು ಹೆಸರುಗಳನ್ನು ಓದಿದರು. ಕೊನೆಯಲ್ಲಿ ನಮ್ಮ ಮಾವನವರ ಸಂಖ್ಯೆಯ ಆರು ಅಂಕಿಗಳನ್ನೂ ಬಿಡಿಬಿಡಿಯಾಗಿ ಓದಿ, ಹೆಸರನ್ನೂ ಕೆಲಸವನ್ನೂ ಹೇಳಿ ಗಂಟೆಯನ್ನು ಬಾರಿಸಿದರು. ಮೌನವು ಮುಗಿದ ಮೇಲೆ, ಅಂದು ಚಹಾ ಬಗ್ಗಿಸುತ್ತಿದ್ದ ವಿಂಗ್ ಕಮಾಂಡರು ನನ್ನ ಬಳಿಗೆ ಬಂದು, ನನ್ನ ಎರಡು ಕೈಗಳನ್ನೂ ಹಿಡಿದುಕೊಂಡು, “ನಾನೊಮ್ಮೆ ಉರಿಯುವ ವಿಮಾನದಿಂದ ಹೊರಗೆ ಹಾರಿ ಬದುಕಿದವನು. ಅಂದು ನನ್ನ ಪ್ಯಾರಾಶೂಟನ್ನು ಮಡಿಸಿದವರು ಯಾರೆಂದು ತಿಳಿಯುವ ಮೊದಲೇ ನನಗೆ ಬೇರೆ ಊರಿಗೆ ವರ್ಗವಾಯಿತು. ಅವರಿಗೆ ಸಲ್ಲಬೇಕಾಗಿದ್ದ ನಮಸ್ಕಾರವು ನಿಮ್ಮ ಮಾವನವರಿಗೆ ಸಲ್ಲಲಿ” ಎಂದರು. ನಾನು ಏನನ್ನೂ ಹೇಳಲಾರದೆ ಹೋದೆನು.

ಅತ್ತೆಯವರ ವಿಷಯವನ್ನು ಹೇಳಿ ಮುಗಿಸುವೆನು. ಪಿಂಚಣಿಯು ಅವರಿಗೆ ತಪ್ಪದೆ ಬರುತ್ತಿದ್ದಿತು; ಮಾವನವರು ಎಲ್ಲ ಕಾಗದಗಳನ್ನೂ ಮಡಿಸಿ ಒಪ್ಪವಾಗಿ ಇಟ್ಟುಹೋಗಿದ್ದರು. ಆದರೆ 2003ರಲ್ಲಿ ಸರ್ಕಾರವು ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ಏರ್ಪಡಿಸಿದ ಚಿಕಿತ್ಸೆಯ ಸೌಲಭ್ಯವು ಅವರಿಗೆ ತಿಳಿಯದು; ತಿಳಿಸುವವರೂ ಇರಲಿಲ್ಲ. ಸಂಘದ ಇಬ್ಬರು ಹಿರಿಯರು ತಮ್ಮ ಖರ್ಚಿನಿಂದಲೇ ಹಾಸನಕ್ಕೆ ಹೋಗಿ, ಅರ್ಜಿಗಳನ್ನು ತುಂಬಿಸಿ, ಕಾರ್ಡನ್ನು ಮಾಡಿಸಿಕೊಟ್ಟರು. ಈಗ ಅವರ ಮೊಣಕಾಲಿಗೆ ಚಿಕಿತ್ಸೆ ನಡೆಯುತ್ತಿದೆ. ಶ್ರದ್ಧೆಯಿಂದ ಮಾಡಿದುದೇ ಶ್ರಾದ್ಧವೆಂದು ನಾನು ತರಗತಿಯಲ್ಲಿ ಪಾಠ ಹೇಳುತ್ತಿದ್ದೆನು; ಅದನ್ನು ಮಾಡಿ ತೋರಿಸಿದವರು ಇವರು.

ಈ ಲೇಖನವನ್ನು ಓದುವ ಗೃಹಸ್ಥರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಮನೆಯ ಹಿರಿಯರು ಹೊರಗೆ ದುಡಿದು ಬಂದವರಾಗಿದ್ದರೆ, ಅವರ ಕೆಲಸವೇನಾಗಿತ್ತೆಂದು ಇಂದೇ ಕೇಳಿರಿ. ಅವರು ಹೇಳುವಾಗ ಉಚ್ಚಾರಣೆಯನ್ನು ತಿದ್ದಬೇಡಿರಿ. ಕಪ್ಪು ಪೆಟ್ಟಿಗೆಯನ್ನು ಅತ್ತೆಯವರು ನನಗೇ ಕೊಟ್ಟರು. ಅದು ನನ್ನ ಪುಸ್ತಕಗಳ ಪಕ್ಕದಲ್ಲಿದೆ. ಬೆಳಗ್ಗೆ ಎದ್ದು ಹೊದಿಕೆಯನ್ನು ಮಡಿಸುವಾಗ ಅಂಚಿಗೆ ಅಂಚನ್ನು ಕೂಡಿಸಲು ಯತ್ನಿಸುವೆನು. ಒಂದೆರಡು ಎಳೆ ಆಚೀಚೆಯಾಗಿಯೇ ಇರುವುದು. ಆಗ ಬಿಚ್ಚಿ, ಮತ್ತೆ ಮೊದಲಿನಿಂದ ಮಡಿಸುವೆನು.